ಜಾಲತಾಣದ ಲೆಕ್ಕವೂ ಬೆಳೆಗಾರನ ಮಾರಾಟವೂ

ಮಳೆಯ ಅಳತೆ, ಬಿತ್ತನೆಯ ತಾರೀಖು, ಕೂಲಿಯ ವೆಚ್ಚ, ಇಳುವರಿಯ ತೂಕ ಇವುಗಳನ್ನು ಬರೆದಿಡುವ ಹಿಡುವಳಿದಾರನಿಗೂ ಎಲ್ಲವನ್ನೂ ನೆನಪಿಗೇ ಬಿಡುವವನಿಗೂ ಇರುವ ಅಂತರವನ್ನು ಗ್ರಾಮಗಳ ಮುಖಂಡರು ಚೆನ್ನಾಗಿ ಬಲ್ಲರು. ಬೆಳೆ ಕೈಕೊಟ್ಟ ವರ್ಷ ಮೊದಲನೆಯವನು ಪುಸ್ತಕ ತೆಗೆದು ಕಾರಣವನ್ನು ಹುಡುಕುವನು. ಎರಡನೆಯವನು ಅದೃಷ್ಟವನ್ನು ಹಳಿಯುವನು. ಈಗ ಬೆಲ್ಲ, ಕಾಫಿ, ಜೇನು, ಮಾವು, ಮೆಣಸು, ಸಿರಿಧಾನ್ಯ ಮೊದಲಾದುವನ್ನು ಅಂತರಜಾಲದ ಮೂಲಕ ನೇರವಾಗಿ ಬಳಕೆದಾರರಿಗೆ ಮಾರುವ ರೈತರೂ ರೈತ ಉತ್ಪಾದಕ ಸಂಸ್ಥೆಗಳೂ ಈ ನಾಡಿನಲ್ಲಿ ಉಂಟು. ಇವರ ಪಾಲಿಗೆ ಜಾಲತಾಣವೂ ಒಂದು ಹೊಲವೇ. ಅದಕ್ಕೂ ಲೆಕ್ಕದ ಪುಸ್ತಕ ಬೇಕು.

ತಾಣವನ್ನು ಏರ್ಪಡಿಸಿ ಕೆಲವು ತಿಂಗಳು ಕಳೆದರೂ ಬೇಡಿಕೆಗಳು ಬಾರದಿದ್ದರೆ ಎರಡು ಯೋಚನೆಗಳು ಹುಟ್ಟುವುದು ಸಹಜ. ಒಂದು, ಸಾಲ ಮಾಡಿಯಾದರೂ ಜಾಹೀರಾತಿಗೆ ಇನ್ನಷ್ಟು ಹಣ ಸುರಿಯುವುದು. ಮತ್ತೊಂದು, ತಾಣವನ್ನು ಮುಚ್ಚಿ ಮಂಡಿಯವರು ಹೇಳಿದ ಧಾರಣೆಗೇ ಮಾಲನ್ನು ಒಪ್ಪಿಸುವುದು. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತಾಣಕ್ಕೆ ಬಂದ ಜನರು ಎಲ್ಲಿ, ಯಾವ ಪುಟದಲ್ಲಿ, ಕೊಳ್ಳದೆ ಹಿಂದಿರುಗುತ್ತಿದ್ದಾರೆ? ಕಾಲುವೆ ಬಿರುಕು ಬಿಟ್ಟಿರುವಾಗ ತೂಬನ್ನು ಹೆಚ್ಚು ತೆರೆದರೆ ಗದ್ದೆಗೆ ನೀರು ಹೆಚ್ಚಾಗಿ ತಲುಪುವುದಿಲ್ಲ. ಸೋರುವ ನೀರೇ ಹೆಚ್ಚುವುದು. ಬಿರುಕಿರುವ ಸ್ಥಳವನ್ನು ತೋರಿಸುವುದೇ ಸಂದರ್ಶಕರ ಲೆಕ್ಕದ ಮುಖ್ಯ ಪ್ರಯೋಜನ.

೧. ಲೆಕ್ಕವು ದೊರೆಯುವ ಬಗೆ

ಜಾಲತಾಣವನ್ನು ಇರಿಸಿರುವ ಗಣಕಯಂತ್ರವು, ಯಾರಾದರೂ ಒಂದು ಪುಟವನ್ನು ಕೇಳಿದೊಡನೆ ಒಂದು ಸಾಲಿನ ದಾಖಲೆಯನ್ನು ಬರೆದಿಡುತ್ತದೆ. ಕೇಳಿದ ಹೊತ್ತು, ಪುಟದ ಹೆಸರು, ಪುಟವು ದೊರೆಯಿತೋ ಇಲ್ಲವೋ ಎಂಬುದು ಅದರಲ್ಲಿ ಇರುತ್ತವೆ. ಅನೇಕ ವೇಳೆ ಯಾವ ತಾಣದಿಂದ ಬಂದರು, ಯಾವ ಬಗೆಯ ಯಂತ್ರದಿಂದ ನೋಡಿದರು ಎಂಬುದೂ ಇರುವುದು. ಇದು ಮೊದಲನೆಯ ಮೂಲ.

ಎರಡನೆಯದು, ಪ್ರತಿ ಪುಟದಲ್ಲಿಯೂ ಸೇರಿಸುವ ಸಣ್ಣ ಎಣಿಕೆಯ ಸೂತ್ರ. ೨೦೦೫ರಲ್ಲಿ ಆರಂಭವಾದ ಗೂಗಲ್ ಅನಾಲಿಟಿಕ್ಸ್ ಈ ಬಗೆಯದು. ಸಣ್ಣ ವ್ಯಾಪಾರಿಗೆ ಇದಕ್ಕೆ ಶುಲ್ಕವಿಲ್ಲ. ಇದರ ಹಳೆಯ ಕ್ರಮವು ೨೦೨೩ರ ಜುಲೈ ೧ರಿಂದ ಹೊಸ ಲೆಕ್ಕವನ್ನು ಸ್ವೀಕರಿಸುವುದನ್ನು ನಿಲ್ಲಿಸಿ, ಅದರ ಸ್ಥಾನದಲ್ಲಿ ನಾಲ್ಕನೆಯ ಕ್ರಮವು ನಡೆಯುತ್ತಿದೆ. ಆದಕಾರಣ ಅದಕ್ಕೆ ಹಿಂದಿನ ಕೈಪಿಡಿಗಳನ್ನು ನಂಬಿ ಹೊರಡತಕ್ಕದ್ದಲ್ಲ. ಲೆಕ್ಕವು ತಮ್ಮ ಬಳಿಯೇ ಇರಬೇಕೆನ್ನುವವರಿಗೆ, ೨೦೦೭ರಲ್ಲಿ ಪಿವಿಕ್ ಎಂಬ ಹೆಸರಿನಿಂದ ಆರಂಭವಾಗಿ ೨೦೧೮ರಲ್ಲಿ ಹೆಸರು ಬದಲಾಯಿಸಿಕೊಂಡ ಮಾಟೊಮೊ ಎಂಬ ಸಲಕರಣೆಯೂ ಉಂಟು.

ಮೂರನೆಯದು ಗೂಗಲ್ ಸರ್ಚ್ ಕನ್ಸೋಲ್. ಜನರು ಯಾವ ಮಾತುಗಳನ್ನು ಬರೆದು ಹುಡುಕಿದಾಗ ತಾಣದ ಹೆಸರು ಅವರ ಕಣ್ಣಿಗೆ ಬಿದ್ದಿತು, ಎಷ್ಟು ಸಾರಿ ಅದನ್ನು ಒತ್ತಿ ಒಳಗೆ ಬಂದರು ಎಂಬುದನ್ನು ಇದು ೧೬ ತಿಂಗಳವರೆಗೆ ತೋರಿಸುವುದು. ಅನಾಲಿಟಿಕ್ಸ್ ಅಂಗಡಿಯ ಒಳಗಿನ ಲೆಕ್ಕ. ಸರ್ಚ್ ಕನ್ಸೋಲ್ ಅಂಗಡಿಯ ಮುಂದಿನ ಬೀದಿಯ ಲೆಕ್ಕ. ಎರಡೂ ಬೇಕು.

೨. ತಿಳಿದಿರಬೇಕಾದ ಪದಗಳು

ಬಳಕೆದಾರರು ಎಂದರೆ ತಾಣವನ್ನು ನೋಡಿದವರೆಂದು ಯಂತ್ರವು ಅಂದಾಜು ಮಾಡಿದ ಸಂಖ್ಯೆ. ಒಬ್ಬನೇ ಮನುಷ್ಯನು ಬೆಳಿಗ್ಗೆ ಫೋನಿನಲ್ಲಿಯೂ ಸಂಜೆ ಕಚೇರಿಯ ಗಣಕಯಂತ್ರದಲ್ಲಿಯೂ ನೋಡಿದರೆ ಇಬ್ಬರೆಂದು ಎಣಿಕೆಯಾಗುವ ಸಂಭವವುಂಟು.

ಭೇಟಿ ಎಂದರೆ ಒಂದು ಸಾರಿ ಬಂದು ಹೋಗುವುದು. ಬಂದವನು ೩೦ ನಿಮಿಷ ಸುಮ್ಮನಿದ್ದು ಮತ್ತೆ ಪುಟ ತೆರೆದರೆ ಅದು ಇನ್ನೊಂದು ಭೇಟಿಯಾಗುವುದು. ಭೇಟಿಯು ೧೦ ಸೆಕೆಂಡುಗಳನ್ನು ಮೀರಿದರೆ, ಇಲ್ಲವೆ ಎರಡು ಪುಟಗಳನ್ನಾದರೂ ನೋಡಿದರೆ, ಇಲ್ಲವೆ ಮುಖ್ಯ ಘಟನೆಯೊಂದು ನಡೆದರೆ, ಅದನ್ನು ಅನಾಲಿಟಿಕ್ಸ್ ಆಸಕ್ತಿಯ ಭೇಟಿಯೆಂದು ಪರಿಗಣಿಸುವುದು.

ಮುಖ್ಯ ಘಟನೆ ಎಂದರೆ ಯಾವುದಕ್ಕಾಗಿ ತಾಣವನ್ನು ಮಾಡಿದೆಯೋ ಆ ಕಾರ್ಯ: ಬೇಡಿಕೆ ಸಲ್ಲಿಸುವುದು, ದೂರವಾಣಿ ಸಂಖ್ಯೆಯನ್ನು ಒತ್ತುವುದು, ವಾಟ್ಸ್ಆ್ಯಪ್ ಮೂಲಕ ವಿಚಾರಿಸುವುದು. ಇವು ಎಲ್ಲ ಸಂದರ್ಭಗಳಲ್ಲಿಯೂ ತಾವಾಗಿಯೇ ಎಣಿಕೆಗೆ ಬರುವುದಿಲ್ಲ. ತಾಣವನ್ನು ಕಟ್ಟುವವನಿಂದ ಮೊದಲೇ ಏರ್ಪಾಡು ಮಾಡಿಸಬೇಕು. ಇದೊಂದನ್ನು ಬಿಟ್ಟರೆ ಉಳಿದ ಲೆಕ್ಕವೆಲ್ಲ ಸಂತೆಗೆ ಬಂದ ತಲೆಗಳನ್ನು ಎಣಿಸಿ, ಮಾರಿದ ಮೂಟೆಗಳನ್ನು ಎಣಿಸದೆ ಬಿಟ್ಟಂತೆ ಆಗುವುದು.

೩. ಒಂದು ಉದಾಹರಣೆ

ವಿಷಯವು ಸ್ಪಷ್ಟವಾಗುವುದಕ್ಕಾಗಿ ಕಲ್ಪಿತವಾದ ಒಂದು ಲೆಕ್ಕವನ್ನು ಇಲ್ಲಿ ಕೊಟ್ಟಿದೆ. ಮಂಡ್ಯದ ಸೀಮೆಯಲ್ಲಿ ಆಲೆಮನೆಯಿಟ್ಟಿರುವ ಒಬ್ಬ ಹಿಡುವಳಿದಾರನು ತನ್ನ ಅಚ್ಚು ಬೆಲ್ಲವನ್ನು ಜಾಲತಾಣದಲ್ಲಿ ಮಾರುತ್ತಾನೆಂದೂ, ಜಾಹೀರಾತಿಗೆ ತಿಂಗಳಿಗೆ ೪,೫೦೦ ರೂಪಾಯಿ ಕೊಡುತ್ತಾನೆಂದೂ, ಒಂದು ಬೇಡಿಕೆಯಲ್ಲಿ ಎಲ್ಲ ಖರ್ಚು ಕಳೆದು ೧೨೦ ರೂಪಾಯಿ ಉಳಿಯುವುದೆಂದೂ ಇಟ್ಟುಕೊಳ್ಳಬಹುದು. ಒಂದು ತಿಂಗಳ ತಖ್ತೆ ಹೀಗಿದೆ:

| ಬಂದ ದಾರಿ | ಭೇಟಿಗಳು | ಬೆಲ್ಲದ ಪುಟ ನೋಡಿದ್ದು | ಬೇಡಿಕೆ ಬರೆಯತೊಡಗಿದ್ದು | ಬೇಡಿಕೆ ಪೂರೈಸಿದ್ದು |
|---|---|---|---|---|
| ಹುಡುಕಾಟ | ೬೦೦ | ೩೩೦ | ೬೬ | ೬ |
| ವಾಟ್ಸ್ಆ್ಯಪ್ ಕೊಂಡಿ | ೨೪೦ | ೧೮೦ | ೯೦ | ೨೭ |
| ಜಾಹೀರಾತು | ೩೦೦ | ೬೦ | ೬ | ೦ |
| ಇತರ ತಾಣಗಳು | ೬೦ | ೩೦ | ೬ | ೧ |
| ಒಟ್ಟು | ೧,೨೦೦ | ೬೦೦ | ೧೬೮ | ೩೪ |

ಮೇಲಿನ ಸಾಲಿನ ೧,೨೦೦ ಭೇಟಿಗಳನ್ನು ಮಾತ್ರ ನೋಡಿದವನು ಸಂತೋಷಪಡುವನು. ಕೊನೆಯ ೩೪ನ್ನು ಮಾತ್ರ ನೋಡಿದವನು ನಿರಾಶನಾಗುವನು. ಇವೆರಡರ ನಡುವಣ ಅಂಕಣಗಳಲ್ಲಿಯೇ ಕಲಿಯತಕ್ಕ ಪಾಠವಿದೆ.

೪. ಸೋರುವ ಸ್ಥಳವನ್ನು ಕಂಡುಹಿಡಿಯುವುದು

ಬೇಡಿಕೆಯನ್ನು ಬರೆಯತೊಡಗಿದ ೧೬೮ ಮಂದಿಯಲ್ಲಿ ೧೩೪ ಮಂದಿ ಅರ್ಧಕ್ಕೇ ಬಿಟ್ಟುಹೋಗಿದ್ದಾರೆ. ಇವರು ಸುಮ್ಮನೆ ನೋಡಿಹೋಗಲು ಬಂದವರಲ್ಲ. ಬೆಲ್ಲವನ್ನು ಮೆಚ್ಚಿ, ಬೆಲೆಯನ್ನು ಕಂಡು, ಕೊಳ್ಳಬೇಕೆಂದು ಕೈ ಚಾಚಿದವರು. ಕೊಯ್ಲಾಗಿ ಕಣಕ್ಕೆ ಬಂದ ಕಾಳು ಕಣದಲ್ಲಿಯೇ ನಷ್ಟವಾದಂತೆ ಇದು ಎಲ್ಲ ನಷ್ಟಗಳಿಗಿಂತಲೂ ದುಬಾರಿಯಾದ ನಷ್ಟ. ಆದ್ದರಿಂದ ತನಿಖೆಯನ್ನು ಇಲ್ಲಿಂದಲೇ ಆರಂಭಿಸಬೇಕು.

ಈ ೧೬೮ನ್ನು ಯಂತ್ರದ ಬಗೆಯಂತೆ ವಿಂಗಡಿಸಿದಾಗ, ಫೋನಿನಲ್ಲಿ ಬರೆಯತೊಡಗಿದವರು ೧೫೦, ಪೂರೈಸಿದವರು ೨೪; ಗಣಕಯಂತ್ರದಲ್ಲಿ ಬರೆಯತೊಡಗಿದವರು ೧೮, ಪೂರೈಸಿದವರು ೧೦ ಎಂದು ಕಂಡುಬಂದಿತೆನ್ನಬಹುದು. ಒಂದು ಕಡೆ ನೂರಕ್ಕೆ ೧೬, ಮತ್ತೊಂದು ಕಡೆ ನೂರಕ್ಕೆ ಸುಮಾರು ೫೬. ೧೮ ಎಂಬುದು ಸಣ್ಣ ಸಂಖ್ಯೆಯೇ ಸರಿ. ಆದರೆ ಅಂತರವು ಅಲಕ್ಷ್ಯ ಮಾಡುವಷ್ಟು ಅಲ್ಪವಲ್ಲ. ದೋಷವು ಬೆಲ್ಲದಲ್ಲಿಲ್ಲ, ಬೆಲೆಯಲ್ಲಿಯೂ ಮುಖ್ಯವಾಗಿಲ್ಲ. ಫೋನಿನಲ್ಲಿ ಆ ಪುಟವು ಕಾಣುವ ರೀತಿಯಲ್ಲಿ ಇರಬೇಕೆಂದು ಇದರಿಂದ ಊಹಿಸಬಹುದು.

ಎಣಿಕೆಯು ಎಲ್ಲಿ ಎಂಬುದನ್ನು ಹೇಳುವುದೇ ಹೊರತು ಏಕೆ ಎಂಬುದನ್ನು ಹೇಳುವುದಿಲ್ಲ. ರೋಗವು ಯಾವ ಪಾತಿಯಲ್ಲಿದೆಯೆಂದು ತಿಳಿದ ಮೇಲೆ ಆ ಪಾತಿಗೆ ನಡೆದು ಎಲೆಯನ್ನು ಮಗುಚಿ ನೋಡಲೇಬೇಕಷ್ಟೆ. ಹಾಗೆಯೇ, ಈ ತಾಣವನ್ನು ಎಂದೂ ನೋಡದ ಒಬ್ಬ ನೆಂಟರ ಕೈಗೆ ಸಾಧಾರಣವಾದ ಒಂದು ಫೋನನ್ನು ಕೊಟ್ಟು, ಎರಡು ಕಿಲೋಗ್ರಾಂ ಬೆಲ್ಲವನ್ನು ತರಿಸಿಕೊಳ್ಳುವಂತೆ ಹೇಳಿ, ಯಾವ ಸಹಾಯವನ್ನೂ ಮಾಡದೆ ಪಕ್ಕದಲ್ಲಿ ಕುಳಿತು ನೋಡತಕ್ಕದ್ದು. ಆಗ ಕಾಣಬರಬಹುದಾದ ದೋಷಗಳು ಇಂಥವು: ದೊಡ್ಡ ದೊಡ್ಡ ಚಿತ್ರಗಳಿಂದ ಪುಟವು ತೆರೆಯಲು ತಡವಾಗುವುದು; ಅಕ್ಷರದ ಕೀಲಿಗಳು ಮೇಲೆದ್ದು 'ಮುಂದೆ' ಎಂಬ ಗುಂಡಿಯನ್ನು ಮರೆಮಾಡುವುದು; ಬೇಡದ ವಿವರಗಳನ್ನು ಕೇಳುವುದು; ಸಾಗಣೆಯ ವೆಚ್ಚವನ್ನು ಕಟ್ಟಕಡೆಯ ಪುಟದಲ್ಲಿ ಮಾತ್ರ ತಿಳಿಸುವುದು. ಬೆಲ್ಲದಂತಹ ತೂಕದ ಮಾಲಿಗೆ ಸಾಗಣೆಯ ವೆಚ್ಚವು ಬೆಲೆಗೆ ಸಮೀಪಿಸುವುದುಂಟು. ಅದನ್ನು ಮೊದಲೇ ತಿಳಿಸದಿದ್ದರೆ ಗಿರಾಕಿಯು ಮೋಸಹೋದೆನೆಂದು ಭಾವಿಸಿ ಹೊರಟುಹೋಗುವನು.

ಪುಟವು ತೆರೆಯುವ ವೇಗಕ್ಕೆ ಒಂದು ಅಳತೆಯುಂಟು. ಪುಟದ ಮುಖ್ಯ ಭಾಗವು ೨.೫ ಸೆಕೆಂಡುಗಳೊಳಗೆ ಕಣ್ಣಿಗೆ ಕಾಣಬೇಕೆಂಬುದು ಗೂಗಲ್ ಸಂಸ್ಥೆಯು ಇಟ್ಟಿರುವ ಮಟ್ಟ. ನೂರು ಭೇಟಿಗಳಲ್ಲಿ ೭೫ಕ್ಕಾದರೂ ಹೀಗಿರಬೇಕು. ಚಿತ್ರಗಳ ಗಾತ್ರವನ್ನು ಕುಗ್ಗಿಸುವುದು ಅನೇಕ ಸಣ್ಣ ತಾಣಗಳಿಗೆ ಇದಕ್ಕೆ ಸುಲಭವಾದ ಮಾರ್ಗ.

ಈ ದೋಷಗಳನ್ನು ತಿದ್ದಿದ ಮೇಲೆ ಫೋನಿನಲ್ಲಿ ಬರೆಯತೊಡಗಿದವರಲ್ಲಿ ಮೂವರಿಗೊಬ್ಬನು ಪೂರೈಸಿದರೂ ೨೪ರ ಬದಲು ೫೦ ಬೇಡಿಕೆಗಳಾಗುವುವು. ಹೆಚ್ಚಿದ ೨೬ ಬೇಡಿಕೆಗಳಿಂದ ತಿಂಗಳಿಗೆ ೩,೧೨೦ ರೂಪಾಯಿ ಉಳಿಯುವುದು. ಹೊಸಬನೊಬ್ಬನನ್ನೂ ಕರೆತರದೆ ದೊರೆಯುವ ಆದಾಯವಿದು. ಆದರೆ ಇದೇ ಹಿಡುವಳಿದಾರನು ತಖ್ತೆಯನ್ನು ನೋಡದೆ ಜಾಹೀರಾತನ್ನು ಇಮ್ಮಡಿ ಮಾಡಿದ್ದರೆ, ಇನ್ನೂ ೪,೫೦೦ ರೂಪಾಯಿಗಳನ್ನು ಬಿರುಕಿನೊಳಕ್ಕೆ ಸುರಿದಂತಾಗುತ್ತಿತ್ತು.

೫. ಬಂದ ದಾರಿಗಳ ವಿಮರ್ಶೆ

ಜಾಹೀರಾತಿನಿಂದ ಬಂದ ೩೦೦ ಭೇಟಿಗಳಲ್ಲಿ ಬೇಡಿಕೆಯೊಂದೂ ಇಲ್ಲ. ವಾಟ್ಸ್ಆ್ಯಪ್ ಕೊಂಡಿಯಿಂದ ಬಂದ ೨೪೦ರಲ್ಲಿ ೨೭ ಉಂಟು. ಕೊಂಡಿಯು ಬಂಧುವಿನಿಂದಲೋ ಹಳೆಯ ಗಿರಾಕಿಯಿಂದಲೋ ಬಂದಿರುವುದಾದರೆ ನಂಬಿಕೆಯು ಅದರ ಜೊತೆಯಲ್ಲಿಯೇ ಬರುವುದು. ಆದರೆ ಇಷ್ಟರಿಂದಲೇ ಜಾಹೀರಾತು ವ್ಯರ್ಥವೆಂದು ತೀರ್ಮಾನಿಸಬಾರದು. ಅದು ಯಾವ ಊರುಗಳಲ್ಲಿ ಕಾಣಿಸಿತು, ಆ ಊರುಗಳಿಗೆ ಮಾಲನ್ನು ಕಳುಹಿಸುವ ಅನುಕೂಲವಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಅಷ್ಟೇ ಅಲ್ಲದೆ, ಜಾಹೀರಾತನ್ನು ಇಂದು ಕಂಡವನು ವಾರದ ಮೇಲೆ ಹೆಸರನ್ನು ಹುಡುಕಿಕೊಂಡು ಬಂದರೆ, ಆ ಭೇಟಿಯು ಹುಡುಕಾಟದ ಸಾಲಿನಲ್ಲಿ ಕಾಣಬಹುದು.

ವಾಟ್ಸ್ಆ್ಯಪ್ ಮೂಲಕ ಬಂದವರು ಎಷ್ಟೋ ವೇಳೆ 'ನೇರವಾಗಿ ಬಂದವರು' ಎಂಬ ಬಾಬಿನಲ್ಲಿ ಬೆರೆತುಹೋಗುವರು. ಇದನ್ನು ತಪ್ಪಿಸಲು, ಮಂಡಿಗೆ ಕಳುಹಿಸುವ ಮೂಟೆಯ ಮೇಲೆ ಬಣ್ಣದ ಗುರುತು ಹಾಕುವಂತೆ, ಹಂಚುವ ಕೊಂಡಿಯ ಕೊನೆಯಲ್ಲಿ ಗುರುತಿನ ಮಾತುಗಳನ್ನು ಸೇರಿಸಬಹುದು. ಇದಕ್ಕೆ ಯು.ಟಿ.ಎಂ. ಗುರುತು ಎಂದು ಹೆಸರು. ವಾಟ್ಸ್ಆ್ಯಪ್‌ಗೆ ಒಂದು, ಕರಪತ್ರದ ಚೌಕುಳಿ ಸಂಕೇತಕ್ಕೆ ಒಂದು, ಮೇಳದ ಮಳಿಗೆಗೆ ಒಂದು ಎಂದು ಬೇರೆ ಬೇರೆ ಗುರುತು ಹಾಕಿದರೆ ಯಾವ ಶ್ರಮವು ಫಲ ಕೊಟ್ಟಿತೆಂಬುದು ಪ್ರತ್ಯೇಕವಾಗಿ ತಿಳಿಯುವುದು.

ಹುಡುಕಿಕೊಂಡು ಬರುವವರ ವಿಷಯದಲ್ಲಿ ಸರ್ಚ್ ಕನ್ಸೋಲನ್ನು ನೋಡಬೇಕು. ತಾಣದ ಹೆಸರು ೨,೦೦೦ ಸಾರಿ ಕಣ್ಣಿಗೆ ಬಿದ್ದು ೨೦ ಸಾರಿ ಮಾತ್ರ ಒತ್ತಲ್ಪಟ್ಟಿದ್ದರೆ, ಮೇಲೆ ಬರೆದ ತಲೆಬರಹವು ಜನರು ಕೇಳಿದ ಮಾತಿಗೆ ಉತ್ತರವಾಗಿಲ್ಲದಿರಬಹುದು. ಇಲ್ಲವೆ ತಾಣವು ಪಟ್ಟಿಯಲ್ಲಿ ಬಹು ಕೆಳಗಿರಬಹುದು. ಸರಾಸರಿ ಸ್ಥಾನವನ್ನು ಅದೇ ತಖ್ತೆಯಲ್ಲಿ ನೋಡಿ ಎರಡರಲ್ಲಿ ಯಾವುದೆಂದು ತಿಳಿಯಬಹುದು. ಜನರು ಅಚ್ಚು ಬೆಲ್ಲ, ಉಂಡೆ ಬೆಲ್ಲ, ಜೋನಿ ಬೆಲ್ಲ ಎಂದು ಹುಡುಕುತ್ತಿರುವಾಗ ಪುಟದಲ್ಲಿ 'ಉತ್ತಮ ಗುಣಮಟ್ಟದ ಉತ್ಪನ್ನಗಳು' ಎಂದು ಬರೆದರೆ ಪ್ರಯೋಜನವೇನು? ಗಿರಾಕಿಯ ಮಾತನ್ನೇ ಪುಟದಲ್ಲಿ ಬಳಸತಕ್ಕದ್ದು. ಕನ್ನಡ ಅಕ್ಷರದಲ್ಲಿ ಹುಡುಕುವವರೂ ಉಂಟು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತನ್ನು ಬರೆಯುವವರೂ ಉಂಟು, ಎರಡನ್ನೂ ಲಕ್ಷ್ಯದಲ್ಲಿಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ರಾಸಾಯನಿಕವಿಲ್ಲದ ಬೆಲ್ಲ' ಎಂಬ ಮಾತನ್ನು ಬಹಳ ಜನರು ಹುಡುಕುತ್ತಾರೆಂದು ತಿಳಿದೊಡನೆ, ಬಣ್ಣಕ್ಕಾಗಿ ಹೈಡ್ರೋಸ್ ಬೆರೆಸಿದ ಬೆಲ್ಲಕ್ಕೂ ಆ ಹೆಸರನ್ನು ಕೊಡುವುದು ಸುಳ್ಳು ತೂಕದ ಬಟ್ಟಿಗೆ ಸಮಾನ. ಲೆಕ್ಕವು ಗಿರಾಕಿಯ ಅಪೇಕ್ಷೆಯನ್ನು ತಿಳಿಸಿದರೆ, ಮೊದಲು ಆಲೆಮನೆಯನ್ನು ತಿದ್ದಿ ಅನಂತರ ಪುಟವನ್ನು ತಿದ್ದುವುದೇ ಸರಿಯಾದ ಕ್ರಮ.

೬. ತಿದ್ದುಪಾಟನ್ನು ಪರೀಕ್ಷಿಸುವ ಕ್ರಮ

ಒಂದೇ ಹೊಲದಲ್ಲಿ ಗೊಬ್ಬರ, ತಳಿ, ನೀರು ಮೂರನ್ನೂ ಒಟ್ಟಿಗೆ ಬದಲಾಯಿಸಿದ ರೈತನು ಯಾವುದರಿಂದ ಇಳುವರಿ ಹೆಚ್ಚಿತೆಂದು ಹೇಳಲಾರನು. ಜಾಲತಾಣದಲ್ಲಿಯೂ ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ತಾರೀಖನ್ನು ಬರೆದು, ಸಾಕಷ್ಟು ದಿನ ಕಾದು ನೋಡಬೇಕು. ದೊಡ್ಡ ವ್ಯಾಪಾರಸ್ಥರು ಒಂದೇ ಕಾಲದಲ್ಲಿ ಅರ್ಧ ಜನರಿಗೆ ಹಳೆಯ ಪುಟವನ್ನೂ ಉಳಿದರ್ಧಕ್ಕೆ ಹೊಸ ಪುಟವನ್ನೂ ತೋರಿಸಿ ಹೋಲಿಸುವರು. ಈ ಬಗೆಯ ಹೋಲಿಕೆಯು ವ್ಯವಸಾಯದಿಂದಲೇ ಬೆಳೆದುಬಂದ ವಿದ್ಯೆಯೆಂಬುದು ಗಮನಾರ್ಹ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ವ್ಯವಸಾಯ ಪ್ರಯೋಗ ಕೇಂದ್ರಕ್ಕೆ ೧೯೧೯ರಲ್ಲಿ ಸೇರಿದ ರೊನಾಲ್ಡ್ ಫಿಷರ್ ಅವರು, ಹೊಲದ ತುಂಡುಗಳಿಗೆ ಯಾವ ಉಪಚಾರವೆಂಬುದನ್ನು ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ಹಂಚಿ, ಆಕಸ್ಮಿಕವಾದ ವ್ಯತ್ಯಾಸದಿಂದ ನಿಜವಾದ ವ್ಯತ್ಯಾಸವನ್ನು ಬೇರ್ಪಡಿಸುವ ವಿಧಾನಗಳನ್ನು ರೂಪಿಸಿದರು.

ಆಕಸ್ಮಿಕವೆಂಬುದನ್ನು ಸಣ್ಣ ತಾಣದವರು ಎಂದಿಗೂ ಮರೆಯಬಾರದು. ೪೦ ಭೇಟಿಗಳಲ್ಲಿ ೨ ಬೇಡಿಕೆಗಳಿದ್ದು ಮುಂದಿನ ವಾರ ೪ ಆದರೆ, ಮಾತಿಗೆ ಇಮ್ಮಡಿಯಾಯಿತು. ಆದರೆ ಒಂದು ಮನೆಯಲ್ಲಿ ಮದುವೆ, ಇನ್ನೊಂದರಲ್ಲಿ ಗೃಹಪ್ರವೇಶವಿದ್ದರೂ ಅಷ್ಟು ವ್ಯತ್ಯಾಸ ಬರುವುದು. ಹಾಗೆಯೇ ಋತುವಿನ ಪರಿಣಾಮವೂ ಉಂಟು. ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಮುಂಚಿನ ವಾರಗಳನ್ನು ಫೆಬ್ರವರಿಯೊಡನೆ ಹೋಲಿಸತಕ್ಕದ್ದಲ್ಲ. ಜನವರಿಯನ್ನು ಹಿಂದಿನ ವರ್ಷದ ಜನವರಿಯೊಡನೆಯೇ ಹೋಲಿಸಬೇಕು. ಈ ಕಾರಣದಿಂದ ಹಳೆಯ ಲೆಕ್ಕವು ಉಳಿದಿರಬೇಕು. ಅನಾಲಿಟಿಕ್ಸ್‌ನಲ್ಲಿ ಬಿಡಿ ವಿವರಗಳನ್ನು ಉಳಿಸುವ ಅವಧಿಯು ಆರಂಭದಲ್ಲಿ ೨ ತಿಂಗಳೆಂದಿರುವುದು. ಇದನ್ನು ೧೪ ತಿಂಗಳಿಗೆ ಬದಲಾಯಿಸಬಹುದು. ಮೊದಲನೆಯ ದಿನವೇ ಇದನ್ನು ಮಾಡತಕ್ಕದ್ದು.

೭. ಲೆಕ್ಕವು ತಪ್ಪುವ ಸಂದರ್ಭಗಳು

ಮನೆಯವರೂ ಕೆಲಸಗಾರರೂ ದಿನಕ್ಕೆ ಹತ್ತು ಸಾರಿ ತಾಣವನ್ನು ತೆರೆದು ನೋಡಿದರೆ ಅದೂ ಎಣಿಕೆಗೆ ಸೇರುವುದು. ಇದನ್ನು ಬೇರ್ಪಡಿಸುವ ಏರ್ಪಾಡು ಅನಾಲಿಟಿಕ್ಸ್‌ನಲ್ಲಿದೆ. ಮನುಷ್ಯರಲ್ಲದೆ, ತಾಣಗಳನ್ನು ತಾವಾಗಿ ತಡಕುವ ಯಂತ್ರಗಳೂ ಬರುತ್ತವೆ. ಗೊತ್ತಿರುವ ಇಂತಹವನ್ನು ಅನಾಲಿಟಿಕ್ಸ್ ಕಳೆದುಬಿಡುವುದು. ಗಣಕಯಂತ್ರದ ಮೂಲ ದಾಖಲೆಯಲ್ಲಿ ಅವು ಉಳಿದೇ ಇರುವುವು. ಎಣಿಕೆಯ ಸೂತ್ರವನ್ನು ತಡೆಯುವ ಸಂದರ್ಶಕರು ಲೆಕ್ಕಕ್ಕೆ ಸಿಕ್ಕುವುದಿಲ್ಲ. ಊರಿನ ಹೆಸರೂ ಅಂದಾಜಿನದೇ; ಹಳ್ಳಿಯಲ್ಲಿ ಕುಳಿತು ಫೋನಿನಲ್ಲಿ ನೋಡಿದವನು ಬೆಂಗಳೂರಿನವನೆಂದು ಬರೆಯಲ್ಪಡಬಹುದು. ಆದ್ದರಿಂದ ಅಂಕಿಗಳನ್ನು ಅಕ್ಕಸಾಲಿಯ ತಕ್ಕಡಿಯೆಂದು ನಂಬದೆ, ಏರಿಳಿತವನ್ನು ತೋರಿಸುವ ಕೆರೆಯ ಅಳತೆಗಲ್ಲೆಂದು ಭಾವಿಸಬೇಕು. ಬ್ಯಾಂಕಿಗೆ ಬಂದ ಹಣ, ಕಳುಹಿಸಿದ ಕಟ್ಟುಗಳ ಸಂಖ್ಯೆ ಇವುಗಳೊಡನೆ ತಿಂಗಳಿಗೊಮ್ಮೆ ತಾಳೆ ನೋಡತಕ್ಕದ್ದು. ದೂರವಾಣಿಯಲ್ಲಿ ಬೇಡಿಕೆ ಕೊಡುವವರನ್ನು "ವಿಷಯವು ಎಲ್ಲಿಂದ ತಿಳಿಯಿತು?" ಎಂದು ಕೇಳಿ ಬರೆದಿಡುವುದೂ ಒಳ್ಳೆಯದು.

೮. ಗಿರಾಕಿಯ ಗುಟ್ಟನ್ನು ಕಾಪಾಡುವುದು

ಸಂದರ್ಶಕರ ಎಣಿಕೆಗೂ ಸಂದರ್ಶಕರ ಮೇಲೆ ಗೂಢಚರ್ಯೆಗೂ ಅಂತರವಿದೆ. ಗಿರಾಕಿಯ ಹೆಸರು, ದೂರವಾಣಿ, ವಿಳಾಸಗಳು ಎಣಿಕೆಯ ಸಲಕರಣೆಯೊಳಕ್ಕೆ ಹೋಗದಂತೆ ನೋಡಿಕೊಳ್ಳಬೇಕು. ಗೂಗಲ್ ಸಂಸ್ಥೆಯ ನಿಯಮವೂ ಇದನ್ನು ನಿಷೇಧಿಸಿದೆ. ಭಾರತದಲ್ಲಿ ವೈಯಕ್ತಿಕ ವಿವರಗಳ ರಕ್ಷಣೆಗಾಗಿ ೨೦೨೩ರಲ್ಲಿ ಕಾಯಿದೆಯಾಗಿ, ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿವೆ. ತಾಣದಲ್ಲಿ ಏನನ್ನು ಎಣಿಸಲಾಗುತ್ತಿದೆ, ಏತಕ್ಕಾಗಿ ಎಂಬುದನ್ನು ಸರಳವಾದ ಕನ್ನಡದಲ್ಲಿ ಬರೆದು ಪ್ರಕಟಿಸುವುದು ಮರ್ಯಾದೆಯೂ ಹೌದು, ವಿವೇಕವೂ ಹೌದು.

೯. ಮುಖಂಡರ ಕರ್ತವ್ಯ

ಅನೇಕ ಬೆಳೆಗಾರರು ಸೇರಿ ಒಂದೇ ತಾಣವನ್ನು ನಡೆಸುವ ಕಡೆ ಈ ಲೆಕ್ಕವು ಎಲ್ಲರ ಸೊತ್ತು. ತಾಣದ ಹೆಸರೂ ಎಣಿಕೆಯ ಖಾತೆಯೂ ಸಂಸ್ಥೆಯ ಸ್ವಂತ ಮಿಂಚಂಚೆಯ ಹೆಸರಿನಲ್ಲಿಯೇ ಇರಬೇಕು. ತಾಣವನ್ನು ಕಟ್ಟಿಕೊಟ್ಟವನ ಹೆಸರಿನಲ್ಲಿದ್ದರೆ, ಅವನು ಕೆಲಸ ಬಿಟ್ಟ ದಿನ ವರ್ಷಗಳ ಲೆಕ್ಕವೂ ಕೈಬಿಟ್ಟೀತು. ತಿಂಗಳ ಸಭೆಯಲ್ಲಿ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಟ್ಟು, ತಖ್ತೆಯನ್ನು ಗಟ್ಟಿಯಾಗಿ ಓದಿ, ಮುಂದಿನ ತಿಂಗಳಿಗೆ ಒಂದೇ ಒಂದು ತಿದ್ದುಪಾಟನ್ನು ಗೊತ್ತುಮಾಡಬೇಕು. ಕಾಲೇಜಿನಲ್ಲಿ ಓದುತ್ತಿರುವ ಊರಿನ ಹುಡುಗರೂ ಹುಡುಗಿಯರೂ ಈ ಕೆಲಸವನ್ನು ಬಹು ಬೇಗ ಕಲಿಯುವರು. ಪ್ರಶ್ನೆಯನ್ನು ಕೇಳತಕ್ಕವರು ಮಾತ್ರ ಮಾಲನ್ನೂ ಗಿರಾಕಿಯನ್ನೂ ಬಲ್ಲ ಹಿರಿಯರೇ ಆಗಿರಬೇಕು.

ಸಾರಾಂಶ

(೧) ತಾಣದ ಮುಖ್ಯ ಕಾರ್ಯವನ್ನು ಮೊದಲು ಗೊತ್ತುಮಾಡಿ, ಅದು ಎಣಿಕೆಗೆ ಬರುವಂತೆ ಏರ್ಪಡಿಸಬೇಕು.
(೨) ಭೇಟಿಯಿಂದ ಬೇಡಿಕೆಯವರೆಗಿನ ಪ್ರತಿ ಹಂತದಲ್ಲಿಯೂ ಎಷ್ಟು ಮಂದಿ ಉಳಿದರೆಂದು ಬರೆದು, ಕೊಳ್ಳಲು ಮನಸ್ಸು ಮಾಡಿದವರು ಹಿಂದಿರುಗುವ ಸ್ಥಳವನ್ನು ಮೊದಲು ತಿದ್ದಬೇಕು.
(೩) ಆ ಸ್ಥಳವನ್ನು ಅಂಕಿಯಿಂದ ತಿಳಿದು, ಕಾರಣವನ್ನು ಕಣ್ಣಾರೆ ನೋಡಿ ತಿಳಿಯಬೇಕು.
(೪) ಒಂದು ಸಲಕ್ಕೆ ಒಂದೇ ಬದಲಾವಣೆ. ಹೋಲಿಕೆಯು ಹಿಂದಿನ ವರ್ಷದ ಅದೇ ತಿಂಗಳೊಡನೆ.
(೫) ಸಣ್ಣ ಸಂಖ್ಯೆಗಳಿಂದ ದೊಡ್ಡ ತೀರ್ಮಾನಗಳನ್ನು ಮಾಡಬಾರದು.
(೬) ಈ ಕೆಲಸಗಳು ಮುಗಿಯುವವರೆಗೆ ಜಾಹೀರಾತಿನ ವೆಚ್ಚವನ್ನು ಹೆಚ್ಚಿಸಲೂ ಬಾರದು, ನಿರಾಶೆಯಿಂದ ತಾಣವನ್ನು ಮುಚ್ಚಲೂ ಬಾರದು.

ಬೆಳೆದ ಮಾಲಿಗೆ ತಕ್ಕ ಬೆಲೆಯು ಬೆಳೆಗಾರನಿಗೇ ದೊರೆಯಬೇಕೆಂಬುದು ಎಲ್ಲರ ಅಪೇಕ್ಷೆ. ಅದಕ್ಕಾಗಿ ತೆರೆದ ದಾರಿಯಲ್ಲಿ ಗಿರಾಕಿಯು ಎಲ್ಲಿ ಎಡವುತ್ತಾನೆಂಬುದನ್ನು ತಿಂಗಳಿಗೊಮ್ಮೆ ನೋಡಿ, ಅಲ್ಲಿಯ ಕಲ್ಲೊಂದನ್ನು ಎತ್ತಿಹಾಕುವವನಿಗೆ ಆ ದಾರಿಯು ಕಾಲಕ್ರಮದಲ್ಲಿ ಸುಗಮವಾಗುವುದು.